ಯಲಹಂಕ ನ್ಯೂ ಟೌನ್‌ನಲ್ಲಿ ಮನೆ ತಗೊಳ್ಳಬಹುದಾ? ಒಳಗಿರುವವನ ರಿವ್ಯೂ

ಯಲಹಂಕ ನ್ಯೂ ಟೌನ್‌ನಲ್ಲಿ ಮನೆ ತಗೊಳ್ಳಬಹುದಾ ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಊರಿಂದ ಫೋನ್ ಮಾಡಿ "ಮಗನಿಗೆ ಏರ್‌ಪೋರ್ಟ್ ಹತ್ತಿರ ಕೆಲಸ ಆಗಿದೆ, ನಿಮ್ಮ ಕಡೆ ಹೇಗಪ್ಪಾ?" ಅಂತ ವಿಚಾರಿಸುತ್ತಾರೆ. ಪ್ರತಿ ಸಲ ಅದೇ ಪುರಾಣ ಹೇಳಿ ಸಾಕಾಗಿದೆ. ಒಂದು ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ. ಮೊದಲು ಬಾಡಿಗೆಗೆ ಇದ್ದು ಆಮೇಲೆ ಇಲ್ಲೇ ಮನೆ ಮಾಡಿಕೊಂಡವನು ನಾನು. ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ.

ಉತ್ತರ ಮೊದಲೇ ಹೇಳುತ್ತೇನೆ. ತಗೊಳ್ಳಬಹುದು. ಆದರೆ ಮನೆ ನೋಡಿ ಮರುಳಾಗಬೇಡಿ, ಮನೆ ಮುಂದಿನ ರಸ್ತೆ ನೋಡಿ. ಇಲ್ಲಿ ಹಳೇ ಮನೆಗಳಿಗೆ ಗೋಡೆ, ಸೂರಿನ ಲೆಕ್ಕದಲ್ಲಿ ದೊಡ್ಡ ಬೆಲೆ ಏನೂ ಇಲ್ಲ. ನೀವು ದುಡ್ಡು ಕೊಡುವುದು, ಹೌಸಿಂಗ್ ಬೋರ್ಡಿನವರು ನಕ್ಷೆ ಹಾಕುವಾಗ ಏನೂ ಕಟ್ಟದೆ ಖಾಲಿ ಬಿಟ್ಟರಲ್ಲ, ಆ ಜಾಗಕ್ಕೆ. ರಸ್ತೆ, ಪಾರ್ಕು, ಶಾಲೆಗೆ ಅಂತ ಎತ್ತಿಟ್ಟ ಮೂಲೆ, ಮನೆ ಮುಂದಿನ ನಾಲ್ಕು ಅಡಿ ಮಣ್ಣು. ಈ ಊರಿನಲ್ಲಿ ಚೆನ್ನಾಗಿರುವುದೆಲ್ಲ ಅದೇ. ಕೆಡುತ್ತಿರುವುದೂ ಅದೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಯಲಹಂಕ ಅಂದರೆ ಎರಡು ಊರು. ಒಂದು ಹಳೇ ಯಲಹಂಕ, 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನದ ಊರು, ಅಂದರೆ ಬೆಂಗಳೂರಿಗಿಂತ ಹಿರಿಯದು. ಇನ್ನೊಂದು ಅದರ ಪಕ್ಕದಲ್ಲಿ ಕರ್ನಾಟಕ ಗೃಹ ಮಂಡಳಿ ಕಟ್ಟಿದ ಉಪನಗರ. ನ್ಯೂ ಟೌನ್, ಉಪನಗರ, ಸ್ಯಾಟಲೈಟ್ ಟೌನ್, ಹೌಸಿಂಗ್ ಬೋರ್ಡ್ ಅಂತ ನಾಲ್ಕು ಹೆಸರು ಕೇಳಿದರೂ ಗಾಬರಿ ಆಗಬೇಡಿ, ಎಲ್ಲ ಒಂದೇ. ಆಟೋದವರಿಗೆ ಬರೀ "ಯಲಹಂಕ" ಅಂದರೆ ಹಳೇ ಊರಿನಲ್ಲಿ ಇಳಿಸಿ ಹೋಗುತ್ತಾರೆ, ಅದೊಂದು ನೆನಪಿರಲಿ.

ಬೆಂಗಳೂರಿಗೆ ಬಡಾವಣೆ ಹೊಸದಲ್ಲ. 1898ರ ಪ್ಲೇಗಿನ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. 1945ರಲ್ಲಿ ನಗರ ಬೆಳೆಸುವ ಮಂಡಳಿ ಸಿಐಟಿಬಿ ಬಂತು, 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು, 1976ರಲ್ಲಿ ಅದೇ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಆಯಿತು. ಇವರೆಲ್ಲ ಮುಖ್ಯವಾಗಿ ಸೈಟು ಹಂಚಿದವರು. ಸೈಟು ಸಿಕ್ಕವರು ದುಡ್ಡು ಕೂಡಿದಾಗ ಮನೆ ಕಟ್ಟುತ್ತಿದ್ದರು, ಕೂಡದಿದ್ದರೆ ಖಾಲಿ ಬಿಟ್ಟು ಮಾರುತ್ತಿದ್ದರು. 1962ರ ಕಾಯ್ದೆಯಿಂದ ಹುಟ್ಟಿದ ಗೃಹ ಮಂಡಳಿ ಇಲ್ಲಿ ಮಾಡಿದ್ದು ಬೇರೆ. ಮನೆ ಕಟ್ಟಿಯೇ ಕೀಲಿ ಕೊಟ್ಟರು. ಒಂದೇ ಸಲಕ್ಕೆ ಬೀದಿಗೆ ಬೀದಿಯೇ ತುಂಬಿತು, ಹಾಲಿನವನು ಬಂದ, ಬಸ್ಸು ಬಂತು, ಶಾಲೆಗೆ ಮಕ್ಕಳು ಸಿಕ್ಕರು. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಾದರೆ ಮೈಸೂರು ರಸ್ತೆ, ಮಾಗಡಿ ರಸ್ತೆ ನಡುವಿನ ನಾಡಪ್ರಭು ಕೆಂಪೇಗೌಡ ಬಡಾವಣೆ ಕಡೆ ಒಂದು ಸುತ್ತು ಹೋಗಿ ಬನ್ನಿ. ಬಿಡಿಎ ಅದಕ್ಕೆ ಮೊದಲ ಅಧಿಸೂಚನೆ ಹೊರಡಿಸಿದ್ದು 2008ರಲ್ಲಿ. 2016ರಲ್ಲಿ 5,000 ಸೈಟು, 2018ರಲ್ಲಿ ಇನ್ನೊಂದು 5,000 ಹಂಚಿದರು. ನಕ್ಷೆಯಲ್ಲಿ ನೆಲದಡಿಯ ಕರೆಂಟ್ ತಂತಿ, ನೂರು ಮೀಟರ್ ಅಗಲದ ಮುಖ್ಯ ರಸ್ತೆ, ಏನು ಬೇಕೋ ಎಲ್ಲ ಇದೆ. ಆದರೆ ಸೈಟು ಸಿಕ್ಕವರು ವರ್ಷಗಟ್ಟಲೆ ನೀರು, ಕರೆಂಟು, ಚರಂಡಿಗೆ ಅಲೆದಿದ್ದಾರೆ. ನಕ್ಷೆ ಎಷ್ಟು ಚೆನ್ನಾಗಿದ್ದರೂ ಅಡುಗೆಮನೆಯ ನಲ್ಲಿಯಲ್ಲಿ ನೀರು ಬರದಿದ್ದರೆ ಏನು ಪ್ರಯೋಜನ ಹೇಳಿ?

ನ್ಯೂ ಟೌನ್‌ಗೆ ಇನ್ನೊಂದು ಅದೃಷ್ಟ ಇತ್ತು. ಕೆಲಸ ಪಕ್ಕದಲ್ಲೇ ಇತ್ತು. ವಾಯುಪಡೆಯ ನೆಲೆ 1963ರಿಂದ ಇದೆ. ರೈಲು ಗಾಲಿ ಕಾರ್ಖಾನೆ 1984ರಲ್ಲಿ ಶುರುವಾಯಿತು, ಆಗ ಅದರ ಹೆಸರು ವೀಲ್ ಆ್ಯಂಡ್ ಆ್ಯಕ್ಸಲ್ ಪ್ಲಾಂಟ್, ಈಗಲೂ ಹಳಬರು ಹಾಗೇ ಅನ್ನುತ್ತಾರೆ. ದೇಶದ ರೈಲುಗಳಿಗೆ ಗಾಲಿ, ಅಚ್ಚು ಇಲ್ಲಿಂದ ಹೋಗುತ್ತದೆ. ಕೆಎಂಎಫ್‌ನ ಮದರ್ ಡೇರಿ ಇದೆ. ಬಿಎಸ್‌ಎಫ್, ಸಿಆರ್‌ಪಿಎಫ್ ಕ್ಯಾಂಪಸ್ಸುಗಳು ಈ ಕಡೆಯೇ. ಶಿಫ್ಟ್ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಬರುವ ಊರು ಇದು ಆಗ. ನಗರದಿಂದ ದೂರ ಇದ್ದರೂ ನಡೆಯಿತು, ಯಾಕೆಂದರೆ ದಿನಾ ನಗರಕ್ಕೆ ಹೋಗಬೇಕಾದ ಅಗತ್ಯವೇ ಎಷ್ಟೋ ಮನೆಗಳಿಗೆ ಇರಲಿಲ್ಲ.

ಈಗ ಮನೆಗಳ ವಿಚಾರ. ಇಲ್ಲಿ ಅಡ್ರೆಸ್ ಹೇಳುವ ರೀತಿಯೇ ಬೇರೆ. ಎಲ್‌ಐಜಿ (ಕಡಿಮೆ ಆದಾಯ), ಎಂಐಜಿ (ಮಧ್ಯಮ), ಎಚ್‌ಐಜಿ (ಹೆಚ್ಚು), ಇಡಬ್ಲ್ಯುಎಸ್ (ತೀರಾ ಬಡವರು) ಅಂತ ಸಂಬಳದ ಲೆಕ್ಕದಲ್ಲಿ ಮನೆ ಹಂಚಿದ್ದರು, ಆ ಅಕ್ಷರಗಳು ಹಾಗೇ ವಿಳಾಸದಲ್ಲಿ ಉಳಿದುಕೊಂಡಿವೆ. "ಎಂಐಜಿ, ಎ ಸೆಕ್ಟರ್" ಅಂತ ಲಗ್ನಪತ್ರಿಕೆಯಲ್ಲೂ ಅಚ್ಚು ಹಾಕಿಸುತ್ತಾರೆ. ಯಾರ ಅಪ್ಪನ ಸಂಬಳ ಎಷ್ಟಿತ್ತು ಅಂತ ಮೂರನೇ ತಲೆಮಾರಿಗೂ ಪೋಸ್ಟ್‌ಮ್ಯಾನ್‌ಗೆ ಗೊತ್ತು! ತಮಾಷೆ ಬಿಡಿ, ಇದರಲ್ಲಿ ಒಂದು ಒಳ್ಳೇ ಕೆಲಸ ಆಗಿದೆ. ಸಣ್ಣ ಮನೆ, ದೊಡ್ಡ ಮನೆ ಎಲ್ಲವನ್ನೂ ಒಂದೇ ಬಡಾವಣೆಯೊಳಗೆ ಇಟ್ಟರು. ಗಾಲಿ ಕಾರ್ಖಾನೆಯ ಫಿಟ್ಟರ್ ಮಗನೂ ಬ್ಯಾಂಕ್ ಮ್ಯಾನೇಜರ್ ಮಗಳೂ ಒಂದೇ ಪಾರ್ಕಿನಲ್ಲಿ ಆಡಿದರು, ಒಂದೇ ಬಸ್ ಹತ್ತಿದರು. ಈಗಿನ ಗೇಟೆಡ್ ಕಮ್ಯುನಿಟಿಗಳಲ್ಲಿ ಎಲ್ಲರ ಸಂಬಳವೂ ಹೆಚ್ಚು ಕಡಿಮೆ ಒಂದೇ. ಮನೆ ಕೆಲಸದವರು ಮಾತ್ರ ಬೇರೆ ಗೇಟಿನಿಂದ ಬರುತ್ತಾರೆ. ನನಗಂತೂ ಇಲ್ಲಿನ ಕಲಸುಮೇಲೋಗರವೇ ಇಷ್ಟ.

ಕಟ್ಟಡದ ಗುಣಮಟ್ಟಕ್ಕೆ ಮಾತ್ರ ಹೊಗಳಿಕೆ ಕೇಳಬೇಡಿ. ನಾವು ಬಾಡಿಗೆಗೆ ಇದ್ದದ್ದು ಹಳೇ ಎಲ್‌ಐಜಿ ಮನೆ. ಮಳೆಗಾಲದಲ್ಲಿ ಬೀರು ಹಿಂದಿನ ಗೋಡೆ ಬೂಷ್ಟು ಹಿಡಿಯುತ್ತಿತ್ತು, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ, ಕಬ್ಬಿಣದ ಪೈಪು ತುಕ್ಕು ಹಿಡಿದು ಬಚ್ಚಲಿನಲ್ಲಿ ನೀರು ಸಣ್ಣ ದಾರದ ಹಾಗೆ ಬರುತ್ತಿತ್ತು. ಆದರೂ ಸೆಖೆ ಇರಲಿಲ್ಲ. ಮೂರು ಕಡೆ ಗಾಳಿ, ಹಿಂದೆ ಬಟ್ಟೆ ಒಣಗಿಸಲು ಜಾಗ, ಮುಂದೆ ಕರಿಬೇವು, ನುಗ್ಗೆ. ಇಂಥ ಹಳೇ ಮನೆಗಳು ಈಗ ಬೀದಿಗೆ ಒಂದೋ ಎರಡೋ ಉಳಿದಿವೆ. ಮಿಕ್ಕಿದ್ದೆಲ್ಲ ಕೆಡವಿ ಕಟ್ಟಿದ್ದು. ಹಳೇ ಮನೆಯೇ ಮಾರಾಟಕ್ಕೆ ಬಂದರೆ ಅದಕ್ಕೆ ಮಾರುವವರು ಹೇಳುವ "ರಿನೊವೇಷನ್ ಆಗಿದೆ ಸಾರ್" ಅನ್ನುವ ಮಾತನ್ನು ಪಕ್ಕಕ್ಕಿಡಿ. ಟೈಲ್ಸ್ ಬದಲಾಯಿಸಿದ್ದಕ್ಕೆ ಪೈಪು ಬದಲಾಗಿರುವುದಿಲ್ಲ. ಬರೀ ಸೈಟಿನ ಬೆಲೆ ಲೆಕ್ಕ ಹಾಕಿ ಮಾತಾಡಿ.

ರಸ್ತೆಗೆ ಬರುತ್ತೇನೆ. ಇದೇ ಮುಖ್ಯ.

ನ್ಯೂ ಟೌನ್ ಒಳಗಿನ ಕ್ರಾಸ್‌ಗಳಲ್ಲಿ ಎದುರು ಬದುರು ಎರಡು ಕಾರು ಬಂದರೆ ಯಾರೂ ರಿವರ್ಸ್ ತಗೊಳ್ಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಇದು ಎಂಥ ಸುಖ ಅಂತ ಇಲ್ಲಿ ಇದ್ದವರಿಗೆ ಗೊತ್ತಾಗುವುದಿಲ್ಲ, ಬಿಟ್ಟು ಹೋದವರಿಗೆ ಗೊತ್ತಾಗುತ್ತದೆ. ಎರಡೂ ಬದಿ ಹೊಂಗೆ, ಅಲ್ಲಲ್ಲಿ ದೊಡ್ಡ ಮಳೆಮರ. ಏಪ್ರಿಲ್ ಮಧ್ಯಾಹ್ನ ತರಕಾರಿ ಗಾಡಿಯವರು ನೆರಳು ಹುಡುಕಬೇಕಾಗಿಲ್ಲ. ಸೆಕ್ಟರ್‌ಗಳ ಒಳಗೇ ಪಾರ್ಕುಗಳಿವೆ, ನಡೆದು ಹೋಗುವಷ್ಟು ಹತ್ತಿರ. ಬೆಳಿಗ್ಗೆ ವಾಕಿಂಗ್ ಗುಂಪು, ಸಂಜೆ ಮಕ್ಕಳು, ನಡುವೆ ಕಟ್ಟೆ ಮೇಲೆ ಕೂತು ರಾಜಕೀಯ ಮಾತಾಡುವ ರಿಟೈರ್ಡ್ ಮೇಷ್ಟ್ರುಗಳು. ಒಂದು ದಿನ ನಾನೂ ಆ ಕಟ್ಟೆ ಸೇರುವವನೇ.

ಈಗ ನ್ಯೂ ಟೌನ್ ಗಡಿ ದಾಟಿ ಚಿಕ್ಕಬೊಮ್ಮಸಂದ್ರ ಕಡೆಗೋ ಅಟ್ಟೂರು ಕಡೆಗೋ ನಡೆದು ನೋಡಿ. ಬೋರ್ಡು ಓದಬೇಕಾಗಿಲ್ಲ, ರಸ್ತೆ ಕಿರಿದಾಗುವುದರಲ್ಲೇ ತಿಳಿಯುತ್ತದೆ. ಅಲ್ಲಿನ ಎಷ್ಟೋ ಬೀದಿಗಳು ರೆವಿನ್ಯೂ ಲೇಔಟ್‌ಗಳು. ಹೊಲ ಇದ್ದವರು ತುಂಡು ತುಂಡು ಮಾಡಿ ಮಾರಿದರು, ಪ್ರತಿಯೊಬ್ಬರೂ ತಮ್ಮ ತುಂಡಿಗೆ ಎಷ್ಟು ಕಡಿಮೆ ರಸ್ತೆ ಬಿಟ್ಟರೆ ನಡೆಯುತ್ತದೋ ಅಷ್ಟೇ ಬಿಟ್ಟರು, ಪಕ್ಕದವನ ರಸ್ತೆಗೂ ಇವನ ರಸ್ತೆಗೂ ನೇರ ಇಲ್ಲ, ಆದ್ದರಿಂದ ತಿರುವು, ಅಡ್ಡಗೋಡೆ, ಡೆಡ್ ಎಂಡ್. ಅಲ್ಲಿ ಮನೆ ಕೊಂಡವರದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅವರ ಕೈಗೆ ಎಟುಕಿದ್ದು ಅದೇ. ಮನೆಗಳು ನಮ್ಮವಕ್ಕಿಂತ ಚೆನ್ನಾಗಿಯೇ ಇವೆ, ಒಳಗೆ ಹೋದರೆ ಮಾರ್ಬಲ್, ಮಾಡ್ಯುಲರ್ ಕಿಚನ್ ಎಲ್ಲ ಇದೆ. ಆದರೆ ಗ್ಯಾಸ್ ಸಿಲಿಂಡರ್ ಗಾಡಿ ಮೂಲೆಯಲ್ಲೇ ನಿಲ್ಲುತ್ತದೆ, ಮಕ್ಕಳಿಗೆ ಆಡಲು ಟೆರೇಸು ಒಂದೇ ಗತಿ.

ಒಂದು ಮಾತು ಸೇರಿಸಲೇಬೇಕು. ನಮ್ಮ ಈ ಅಗಲ ರಸ್ತೆ, ಪಾರ್ಕು ಪುಕ್ಕಟೆ ಬಂದದ್ದಲ್ಲ. ಬಡಾವಣೆ ಅಂದರೆ ಮೊದಲು ಯಾರದ್ದೋ ರಾಗಿ ಹೊಲ. ಅವರಿಗೆ ಸಿಕ್ಕಿದ ಪರಿಹಾರಕ್ಕೂ ಇವತ್ತು ಇಲ್ಲಿ ಒಂದು ಎಂಐಜಿ ಸೈಟು ಮಾರಾಟ ಆಗುವ ಬೆಲೆಗೂ ಹೋಲಿಕೆಯೇ ಇಲ್ಲ. ಸುತ್ತಲಿನ ಹಳ್ಳಿಗಳ ಹಿರಿಯರ ಹತ್ತಿರ ಕೂತರೆ ಆ ಲೆಕ್ಕ ಇನ್ನೂ ಮುಗಿದಿಲ್ಲ ಅನ್ನಿಸುತ್ತದೆ. ನಮ್ಮ ಬಡಾವಣೆಯವರು "ಹಳ್ಳಿ ಕಡೆ ಶಿಸ್ತೇ ಇಲ್ಲ" ಅಂತ ಮೂಗು ಮುರಿಯುವಾಗ ನನಗೆ ಸಿಟ್ಟು ಬರುತ್ತದೆ.

ಅದೂ ಅಲ್ಲದೆ ನಮ್ಮ ಶಿಸ್ತು ಎಷ್ಟಿದೆ ಅಂತ ನೋಡೋಣ ಬನ್ನಿ. ಸಣ್ಣ ಮನೆಗೆ ಅಂತ ಮಾಡಿದ ಸೈಟಿನಲ್ಲಿ ಈಗ ಮೂರು, ನಾಲ್ಕು ಮಹಡಿ. ನೆಲಮಹಡಿಯಲ್ಲಿ ಮಾಲೀಕರು, ಮೇಲೆ ಎರಡು ಬಾಡಿಗೆ, ತಾರಸಿಯಲ್ಲಿ ಒಂದು ರೂಮು. ಸೆಟ್‌ಬ್ಯಾಕ್ ಅಂತ ಕಾನೂನು ಖಾಲಿ ಬಿಡಲು ಹೇಳುವ ಜಾಗದಲ್ಲಿ ಮೆಟ್ಟಿಲು. ಮನೆ ಗೋಡೆ ಕಾಂಪೌಂಡಿಗೆ ಬಂದಾಯಿತು, ಕಾಂಪೌಂಡು ಮುಗಿದ ಮೇಲೆ ಕಾರ್ ಹತ್ತಲು ಇಳಿಜಾರು ರ‍್ಯಾಂಪ್, ಅದು ಫುಟ್‌ಪಾತ್ ಮೇಲೆ. ಮಿಕ್ಕ ಫುಟ್‌ಪಾತಿಗೆ ಗ್ರಿಲ್ ಹಾಕಿ ದಾಸವಾಳ, ತುಳಸಿ. ನೋಡಲು ಚೆಂದ, ಆದರೆ ವಯಸ್ಸಾದವರು ರಸ್ತೆಗಿಳಿದೇ ನಡೆಯಬೇಕು. ಗಿಡ ನೆಟ್ಟವರನ್ನು ಯಾರು ಬೈಯುತ್ತಾರೆ? ಅದೇ ಅವರ ಧೈರ್ಯ.

ಆಮೇಲೆ ಕಾರುಗಳು. ಈ ಮನೆಗಳನ್ನು ಹಂಚಿದಾಗ ಬೀದಿಗೆ ಒಂದು ಸ್ಕೂಟರ್ ಇದ್ದರೆ ಹೆಚ್ಚು, ಹಾಗಾಗಿ ಯಾರೂ ಕಾರು ನಿಲ್ಲಿಸುವ ಜಾಗದ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಮನೆಗೆ ಒಂದು ಕಾರು, ಬಾಡಿಗೆಯವರದ್ದು ಇನ್ನೊಂದು, ಜೊತೆಗೆ ಮುಖ್ಯ ರಸ್ತೆಯ ಹೋಟೆಲಿಗೆ ಬಂದವರದ್ದು. ನಮ್ಮ ಕ್ರಾಸಿನಲ್ಲಿ ವಾರಕ್ಕೊಮ್ಮೆಯಾದರೂ ಈ ಸಂಭಾಷಣೆ ಕೇಳುತ್ತೇನೆ. "ಸಾರ್, ಇದು ನಮ್ಮ ಮನೆ ಮುಂದೆ." "ರೋಡು ನಿಮ್ದಾ ಸಾರ್?" "ನಿಮ್ದೂ ಅಲ್ವಲ್ಲ." ಆಮೇಲೆ ಇಬ್ಬರೂ ಕಲ್ಲು, ಹೂವಿನ ಕುಂಡ, ಒಡೆದ ಕುರ್ಚಿ ತಂದಿಟ್ಟು ತಮ್ಮ ತಮ್ಮ ಜಾಗ ಕಾಯುತ್ತಾರೆ. ಅಗಲ ರಸ್ತೆ ಅಂತ ನಾನು ಹೊಗಳಿದೆನಲ್ಲ, ಅದರ ಅರ್ಧ ಈಗ ಹೀಗೆ ಪಾರ್ಕಿಂಗ್ ಆಗಿಹೋಗಿದೆ. ಜಾಗ ಇದ್ದದ್ದರಿಂದಲೇ ನುಂಗಲು ಸಿಕ್ಕಿತು ಅನ್ನಬೇಕು.

ಅಂಗಡಿಗಳ ವಿಚಾರದಲ್ಲಿ ನನ್ನ ಮನಸ್ಸು ಎರಡಾಗಿದೆ. ಒಂದು ಕಡೆ ಬದುಕು ಸಲೀಸು. ಹಣ್ಣು, ತರಕಾರಿ, ಔಷಧಿ, ದರ್ಜಿ, ಚಪ್ಪಲಿ ಹೊಲಿಯುವವರು, ಎಲ್ಲ ನಡಿಗೆಯ ದೂರದಲ್ಲೇ. ದರ್ಶಿನಿಗಳಿಗೆ ಬರವಿಲ್ಲ, ಬೆಳಿಗ್ಗೆ ಏಳಕ್ಕೇ ಇಡ್ಲಿ ವಡೆ ಬಿಸಿ ಇರುತ್ತದೆ. ನಂದಿನಿ ಬೂತು ಕೈಗೆಟುಕುವಷ್ಟು ಹತ್ತಿರ, ಡೇರಿಯೇ ಪಕ್ಕದಲ್ಲಿದೆ. ಇನ್ನೊಂದು ಕಡೆ, ದೊಡ್ಡಬಳ್ಳಾಪುರ ರಸ್ತೆ ಮತ್ತು ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆ (2008ರ ಮುಂಬೈ ದಾಳಿಯಲ್ಲಿ ಹುತಾತ್ಮರಾದ ಅವರ ಹೆಸರೇ) ಎರಡರ ಅಂಚಿನ ಮನೆಗಳೆಲ್ಲ ಅಂಗಡಿ, ಕ್ಲಿನಿಕ್ಕು, ಕೋಚಿಂಗ್ ಸೆಂಟರ್ ಆಗಿವೆ. ಈಗ ಅದು ಒಳಗಿನ ಕ್ರಾಸ್‌ಗಳಿಗೂ ಇಳಿಯುತ್ತಿದೆ. ಮುಖ್ಯ ರಸ್ತೆಯಿಂದ ಎರಡು ಕ್ರಾಸ್ ಒಳಗೆ ಮನೆ ಸಿಕ್ಕರೆ ಒಳ್ಳೇದು. ಪಕ್ಕದ ಮನೆ ಪಿಜಿ ಆಗಿದೆಯಾ ಅಂತ ರಾತ್ರಿ ಹತ್ತಕ್ಕೆ ಒಂದು ಸಲ ಹೋಗಿ ನೋಡಿ. ಪಿಜಿ ಮಕ್ಕಳು ಕೆಟ್ಟವರು ಅಂತಲ್ಲ, ಅವರ ಡೆಲಿವರಿ ಬೈಕುಗಳ ಹಾರನ್ನು ರಾತ್ರಿ ಒಂದರ ತನಕ ಇರುತ್ತದೆ.

ನೀರು, ಚರಂಡಿ. ಬೇಸಿಗೆಯಲ್ಲಿ ಟ್ಯಾಂಕರ್ ಕರೆಸುವ ಮನೆಗಳೂ ಇವೆ, ಕರೆಸದ ಮನೆಗಳೂ ಇವೆ. ಅದು ನಿಮ್ಮ ಸಂಪು ಎಷ್ಟು ದೊಡ್ಡದು, ಮೇಲಿನ ಮಹಡಿಗಳಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಬಾಡಿಗೆಗೆ ಬರುವವರು ಸಂಪಿನ ಮುಚ್ಚಳ ತೆಗೆಸಿ ನೋಡಿ, ನಾಚಿಕೆ ಬೇಡ. ಚರಂಡಿಯದ್ದು ಮಾತ್ರ ಎಲ್ಲರಿಗೂ ಒಂದೇ ಕಷ್ಟ. ಒಂದು ಸಂಸಾರದ ನೀರು ಹೋಗಲು ಅಂತ ಹಾಕಿದ ಪೈಪಿನಲ್ಲಿ ಈಗ ನಾಲ್ಕು ಸಂಸಾರದ್ದು ಹೋಗಬೇಕು. ಜೋರು ಮಳೆ ಬಂದರೆ ಮ್ಯಾನ್‌ಹೋಲ್ ಮುಚ್ಚಳ ಎದ್ದು ನಿಲ್ಲುತ್ತದೆ.

ಯಲಹಂಕ ಅಂದ ತಕ್ಷಣ ಟಿವಿಯಲ್ಲಿ ನೋಡಿದ ದೋಣಿಗಳು ನೆನಪಾಗುತ್ತವೆ ಅನ್ನುವವರಿಗೆ: ಅದು ಬಳ್ಳಾರಿ ರಸ್ತೆ ಕಡೆಯ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್. 2021ರ ನವೆಂಬರ್‌ನಲ್ಲಿ ಒಂದು ಸಲ, 2024ರ ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಕೆರೆ ತುಂಬಿ ಹರಿದ ನೀರು ನುಗ್ಗಿ, ಅಲ್ಲಿನವರನ್ನು ದೋಣಿಯಲ್ಲಿ ಹೊರಗೆ ತಂದರು. ನ್ಯೂ ಟೌನ್‌ನಲ್ಲಿ ಆ ಮಟ್ಟಕ್ಕೆ ನಾನು ನೋಡಿಲ್ಲ. ಆದರೂ ಯಲಹಂಕದ ಸುತ್ತ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಅಂತ ಸಾಲಾಗಿವೆ, ನಡುವಿನ ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ) ಎಲ್ಲಿ ಹೋಗುತ್ತದೆ ಅಂತ ನೋಡದೆ ಈ ಭಾಗದಲ್ಲಿ ಎಲ್ಲಿಯೂ ಒಂದು ಅಡಿ ಜಾಗ ಕೊಳ್ಳಬೇಡಿ. ಬೇಸಿಗೆಯಲ್ಲಿ ಒಣಗಿ ಬಿದ್ದ ಹಳ್ಳ ಅಂತ ಕಂಡದ್ದು ಅಕ್ಟೋಬರ್‌ನಲ್ಲಿ ಬೇರೆಯೇ ಆಗಿರುತ್ತದೆ. ಕೆರೆ ಅಂದೆನಲ್ಲ, ಪುಟ್ಟೇನಹಳ್ಳಿ ಕೆರೆ ಹತ್ತಿರದಲ್ಲೇ ಇದೆ, ಪಕ್ಷಿಗಳ ಸಂರಕ್ಷಣಾ ತಾಣ. ಬೈನಾಕ್ಯುಲರ್ ಇದ್ದವರಿಗೆ ಭಾನುವಾರ ಬೆಳಿಗ್ಗೆ ಒಳ್ಳೇ ಟೈಂಪಾಸ್.

ವಿಮಾನದ ಸದ್ದು ತುಂಬಾನಾ ಅಂತ ಎಲ್ಲರೂ ಕೇಳುತ್ತಾರೆ. ಹೌದು, ಸದ್ದಿದೆ. ಇದು ವಾಯುಪಡೆಯ ಊರು. ಸಾಗಣೆ ವಿಮಾನ ಎಎನ್-32 ತಲೆ ಮೇಲೆ ಸುತ್ತು ಹಾಕುವಾಗ ಫೋನಿನಲ್ಲಿ ಮಾತು ಒಂದು ಕ್ಷಣ ನಿಲ್ಲಿಸುವುದು ಇಲ್ಲಿನವರಿಗೆ ಅಭ್ಯಾಸ ಆಗಿಹೋಗಿದೆ. 1996ರಿಂದ ಎರಡು ವರ್ಷಕ್ಕೊಮ್ಮೆ ಈ ವಾಯುನೆಲೆಯಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುತ್ತದೆ. ಆ ವಾರ ಊರಿಗೆ ಊರೇ ಟೆರೇಸ್ ಮೇಲೆ. ನೆಂಟರು ಟಿಕೆಟ್ ಇಲ್ಲದೆ ಏರ್ ಶೋ ನೋಡಲು ನಮ್ಮ ಮನೆಗೆ ಬರುತ್ತಾರೆ, ಪುಳಿಯೋಗರೆ ಮಾಡಿ ಡಬ್ಬಿ ತುಂಬಿ ಮೇಲೆ ಹತ್ತಬೇಕು. ಪುಳಿಯೋಗರೆಯೇ ಯಾಕೆ ಅಂದರೆ ಆಗ ಮಾಂಸದ ಅಂಗಡಿಗಳೂ ಬಂದ್. ಹದ್ದುಗಳು ಬಂದು ವಿಮಾನಕ್ಕೆ ಬಡಿಯುತ್ತವೆ ಅಂತ 2023ರಲ್ಲಿ 10 ಕಿಲೋಮೀಟರ್, 2025ರಲ್ಲಿ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸ ಮಾರಾಟ ನಿಲ್ಲಿಸಿದ್ದರು, ವಾರಗಟ್ಟಲೆ. ಬಾಡೂಟ ಇಲ್ಲದೆ ಇರಲಾರದವರು ಕ್ಯಾಲೆಂಡರ್ ನೋಡಿ ಮನೆ ಬದಲಾಯಿಸಿ. ಆದರೆ ಎಲ್ಲವೂ ತಮಾಷೆ ಅಲ್ಲ. 2019ರ ಫೆಬ್ರುವರಿಯಲ್ಲಿ ತಾಲೀಮಿನ ವೇಳೆ ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣದ ಎರಡು ವಿಮಾನ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ಆಮೇಲೆ ಅದೇ ವಾರ ಪಾರ್ಕಿಂಗ್ ಜಾಗಕ್ಕೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟುಹೋದವು. ಆ ಹೊಗೆ ದೂರದಿಂದಲೇ ಕಾಣುತ್ತಿತ್ತು. ವಾಯುನೆಲೆಯಿಂದ ಒಂದು ಲಾಭ ಇದೆ: ಸುತ್ತಮುತ್ತ ಕಟ್ಟಡದ ಎತ್ತರಕ್ಕೆ ಮಿತಿ ಇರುವುದರಿಂದ ಹೆಬ್ಬಾಳದ ಕಡೆ ಎದ್ದ ಹಾಗೆ ಗೋಪುರಗಳು ಇಲ್ಲಿ ಏಳುವುದಿಲ್ಲ. ಪ್ಲಾನಿಂಗಿನವರು ಕಾಯದ ಆಕಾಶವನ್ನು ವಾಯುಪಡೆ ಕಾಯುತ್ತಿದೆ.

ಓಡಾಟ ಈ ಊರಿನ ದೊಡ್ಡ ಮೈನಸ್. ಊರು ಕಟ್ಟಿದ ಲೆಕ್ಕವೇ ಇಲ್ಲಿ ತಲೆಕೆಳಗಾಗಿದೆ. ಕೆಲಸ ಇಲ್ಲೇ ಅಂತ ಕಟ್ಟಿದರು, ಈಗ ಕೆಲಸ ಮಾನ್ಯತಾ ಟೆಕ್ ಪಾರ್ಕಿನಲ್ಲಿ, ಔಟರ್ ರಿಂಗ್ ರೋಡಿನಲ್ಲಿ, ವೈಟ್‌ಫೀಲ್ಡಿನಲ್ಲಿ. ಎಲ್ಲರೂ ಹೆಬ್ಬಾಳದ ಫ್ಲೈಓವರ್ ದಾಟಬೇಕು. 2025ರಲ್ಲಿ ಹೆಬ್ಬಾಳದಲ್ಲಿ ಹೊಸ ಲೂಪ್ ತೆರೆದರು, ಸ್ವಲ್ಪ ಹಗುರಾಯಿತು, ಆದರೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ನೋಡಿ, ನಾನು ಹೇಳುವುದೇ ಬೇಡ. 401, 402 ಸರಣಿಯ ಬಸ್ಸುಗಳಿವೆ, ಮೆಜೆಸ್ಟಿಕ್‌ಗೆ ಬಸ್ಸೇ ಸಲೀಸು. 2008ರ ಮೇ ತಿಂಗಳಲ್ಲಿ ಏರ್‌ಪೋರ್ಟ್ ದೇವನಹಳ್ಳಿಗೆ ಬಂದ ಮೇಲೆ ಉತ್ತರಕ್ಕೆ ಕೆಲಸಕ್ಕೆ ಹೋಗುವವರು ಬದುಕಿಕೊಂಡರು, ಅವರದು ಟ್ರಾಫಿಕ್‌ನ ಉಲ್ಟಾ ದಿಕ್ಕು. ನಿಮ್ಮ ಆಫೀಸು ಆ ಕಡೆಯೇ ಇದ್ದರೆ ನ್ಯೂ ಟೌನ್ ಬೆಂಗಳೂರಿನಲ್ಲೇ ಬೆಸ್ಟ್ ಜಾಗ ಅಂತ ಧೈರ್ಯವಾಗಿ ಹೇಳುತ್ತೇನೆ. ದಕ್ಷಿಣದ ತುದಿಯಲ್ಲಿ ಇದ್ದರೆ, ಎಲೆಕ್ಟ್ರಾನಿಕ್ ಸಿಟಿ ಅಂತೀರಾ, ದಯವಿಟ್ಟು ಬೇಡ.

ಮೆಟ್ರೋ ಬರುತ್ತಲ್ಲಾ ಅಂತ ಬ್ರೋಕರ್‌ಗಳು ಹೇಳುತ್ತಾರೆ. ನಮಗೆ ಮನೆ ತೋರಿಸಿದ ಒಬ್ಬರಂತೂ "ಮೆಟ್ರೋ ಸ್ಟೇಷನ್ ವಾಕಬಲ್ ಸಾರ್" ಅಂತ ಆಣೆ ಮಾಡಿದ್ದರು. ಏರ್‌ಪೋರ್ಟ್ ಮಾರ್ಗದಲ್ಲಿ ಯಲಹಂಕ ಹೆಸರಿನ ನಿಲ್ದಾಣ ಇದೆ, ನಿಜ, ಆದರೆ ಅದು ಬಳ್ಳಾರಿ ರಸ್ತೆಯಲ್ಲಿ. ನ್ಯೂ ಟೌನ್‌ನಿಂದ ಅಲ್ಲಿಗೆ ಹೋಗಲು ಇನ್ನೊಂದು ಗಾಡಿ ಬೇಕು. ನಮ್ಮ ಅವಳಿ ಅನ್ನಬಹುದಾದ ಕೆಂಗೇರಿ ಉಪನಗರಕ್ಕೆ 2021ರ ಆಗಸ್ಟ್‌ನಲ್ಲೇ ಮೆಟ್ರೋ ಬಂತು. ನೇರಳೆ ಮಾರ್ಗ ಹತ್ತಿದರೆ ಸೀದಾ ವೈಟ್‌ಫೀಲ್ಡ್. ಅದೊಂದು ವಿಷಯದಲ್ಲಿ ಕೆಂಗೇರಿಯವರನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತೇನೆ. ನಮ್ಮ ಕೈಯಲ್ಲಿರುವ ನಿಜವಾದ ಆಸ್ತಿ ರೈಲು. ಯಲಹಂಕ ಜಂಕ್ಷನ್ನಿನಿಂದ ದೊಡ್ಡಬಳ್ಳಾಪುರ, ಹಿಂದೂಪುರ ಕಡೆ ಒಂದು ಹಳಿ, ಚಿಕ್ಕಬಳ್ಳಾಪುರ ಕಡೆ ಒಂದು, ನಗರದ ಕಡೆ ಯಶವಂತಪುರಕ್ಕೆ ಒಂದು, ಚನ್ನಸಂದ್ರದ ಕಡೆ ಇನ್ನೊಂದು. ಇಷ್ಟು ದಿಕ್ಕಿಗೆ ಹಳಿ ಇರುವ ಉಪನಗರ ಬೆಂಗಳೂರಿನಲ್ಲಿ ಇನ್ನೊಂದಿಲ್ಲ. ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಪ್ರಧಾನಿ ಅಡಿಗಲ್ಲು ಹಾಕಿದರು, ನಾಲ್ಕು ಮಾರ್ಗ, 148 ಕಿಲೋಮೀಟರ್, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರು. ಸಂಪಿಗೆ, ಕನಕ ಎರಡೂ ಯಲಹಂಕದ ಮೇಲೆ ಹೋಗುವಂಥವು. ಹೆಸರಿಟ್ಟಷ್ಟು ಬೇಗ ರೈಲು ಬರುತ್ತಿಲ್ಲ, ಅಷ್ಟೇ. ಆ ರೈಲಿನ ಆಸೆಗೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ. ಬಂದ ದಿನ ಸಿಹಿ ಹಂಚೋಣ.

ಇನ್ನು ಕಾಗದಪತ್ರ. ಹೌಸಿಂಗ್ ಬೋರ್ಡ್ ಮನೆ ಅಂದರೆ ಟೈಟಲ್ ಕ್ಲಿಯರ್ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಮಂಡಳಿಯಿಂದ ಮೊದಲ ಹಂಚಿಕೆದಾರರಿಗೆ ಬಂದ ತನಕ ಕ್ಲಿಯರ್. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಲೀಸ್ ಕಮ್ ಸೇಲ್ ಕರಾರು (ಮೊದಲು ಗುತ್ತಿಗೆ, ಆಮೇಲೆ ಮಾರಾಟ), ಕಂತು ಮುಗಿದ ಮೇಲೆ ಕ್ರಯಪತ್ರ, ಈ ಸರಪಳಿ ಪೂರ್ತಿ ಇರಬೇಕು. ತೊಂದರೆ ಆಗುವುದು ಅದರ ನಂತರ. ಎಷ್ಟೋ ಜನ ಕ್ರಯಪತ್ರ ಆಗುವ ಮೊದಲೇ ಬರೀ ಜಿಪಿಎ (ಅಧಿಕಾರಪತ್ರ) ಬರೆದುಕೊಟ್ಟು ಮನೆ ಮಾರಿಬಿಟ್ಟಿದ್ದಾರೆ, ಕೊಂಡವರು ಇನ್ನೊಬ್ಬರಿಗೆ ಜಿಪಿಎ. ಜಿಪಿಎ ಮೇಲೆ ಮಾಡಿದ ಮಾರಾಟದಿಂದ ಹಕ್ಕು ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಇನ್ನೊಂದು, ಹಂಚಿಕೆದಾರರು ತೀರಿಕೊಂಡಿದ್ದರೆ ವಂಶವೃಕ್ಷ ತೆಗೆಸಿ ನೋಡಿ. ಅಮೆರಿಕದಲ್ಲಿರುವ ಮಗಳ ಸಹಿ ಆಗಿದೆಯಾ ಅಂತ ಕೇಳಿ. ನಾವು ಮೊದಲು ಮಾತಾಡಿದ್ದ ಮನೆಯಲ್ಲಿ ಅಣ್ಣತಮ್ಮಂದಿರು ಒಪ್ಪಿ, ಕಾಫಿ ಕುಡಿದು, ಕೈ ಕುಲುಕಿ ಆದಮೇಲೆ, ಇಬ್ಬರು ಅಕ್ಕಂದಿರು ಇದ್ದಾರೆ ಅನ್ನುವುದು ವಕೀಲರಿಂದ ಗೊತ್ತಾಯಿತು. ಅಕ್ಕಂದಿರಿಗೆ ಮಾರಾಟದ ವಿಷಯವೇ ಗೊತ್ತಿರಲಿಲ್ಲ!

ಇಸಿ (ಋಣಭಾರ ಪತ್ರ) ಈಗ ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಮನೆಯಿಂದಲೇ ತೆಗೆಯಬಹುದು, ಅದಕ್ಕೆ ಮಧ್ಯವರ್ತಿ ಬೇಕಾಗಿಲ್ಲ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಕಡ್ಡಾಯ. ಯಲಹಂಕ ಮೊದಲು ತನ್ನದೇ ನಗರಸಭೆ ಇದ್ದ ಊರು, 2007ರಲ್ಲಿ ಬಿಬಿಎಂಪಿಗೆ ಸೇರಿತು, 2025ರಿಂದ ಗ್ರೇಟರ್ ಬೆಂಗಳೂರು ಆಡಳಿತದಡಿ ಐದು ಪಾಲಿಕೆಗಳು ಬಂದ ಮೇಲೆ ಮತ್ತೆ ಬದಲಾಯಿತು. ಪ್ರತಿ ಬದಲಾವಣೆಯಲ್ಲೂ ಯಾವುದೋ ಹಳೇ ರಿಜಿಸ್ಟರಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿರುತ್ತದೆ. ನಮ್ಮ ಖಾತೆಯಲ್ಲಿ ಅಳತೆಯೇ ತಪ್ಪಾಗಿತ್ತು, ಪೂರ್ವ ಪಶ್ಚಿಮ ಅದಲು ಬದಲು. ಅದನ್ನು ಸರಿ ಮಾಡಿಸಲು ಆ ಕಚೇರಿಯಲ್ಲಿ ಒಬ್ಬರು ರಜೆ, ಇನ್ನೊಬ್ಬರು ಚುನಾವಣಾ ಡ್ಯೂಟಿ, ಮೂರನೆಯವರು "ಸರ್ವರ್ ಡೌನ್". ಮಾರುವವರ ಖರ್ಚಿನಲ್ಲಿ, ಮಾರುವವರ ಕಾಲದಲ್ಲೇ ಇದನ್ನೆಲ್ಲ ಸರಿ ಮಾಡಿಸಿಕೊಳ್ಳಿ. ರಿಜಿಸ್ಟ್ರೇಷನ್ ಆದಮೇಲೆ ಅವರು ನಿಮ್ಮ ಫೋನ್ ಎತ್ತುವುದಿಲ್ಲ.

ಅಂಕ ಕೊಡಿ ಅಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದದ್ದು ಹೆಬ್ಬಾಳಕ್ಕಲ್ಲ, ಫುಟ್‌ಪಾತಿಗೆ. ಹೆಬ್ಬಾಳ ನಮ್ಮ ಕೈಯಲ್ಲಿಲ್ಲ, ಫುಟ್‌ಪಾತ್ ಇತ್ತು.

ಮನೆ ನೋಡಲು ಬರುವವರಿಗೆ ಇನ್ನೊಂದೆರಡು ಮಾತು. ಎ ಸೆಕ್ಟರ್, ಬಿ ಸೆಕ್ಟರ್‌ನಲ್ಲಿ ಮರ ಜಾಸ್ತಿ, ಹಳಬರು ಜಾಸ್ತಿ, ಮಾರಾಟಕ್ಕೆ ಬರುವ ಮನೆ ಕಡಿಮೆ. 4ನೇ ಹಂತ, 5ನೇ ಹಂತದ ಕಡೆ ಬಾಡಿಗೆ ಸುಲಭವಾಗಿ ಸಿಗುತ್ತದೆ. ಪಾರ್ಕ್ ಎದುರಿನ ಮನೆಗೆ ಬೆಲೆ ಜಾಸ್ತಿ ಹೇಳುತ್ತಾರೆ, ಕೊಡಬಹುದು, ಯಾಕೆಂದರೆ ಆ ಒಂದು ಕಡೆ ಯಾರೂ ಮಹಡಿ ಏರಿಸುವುದಿಲ್ಲ. ಕಾರ್ನರ್ ಮನೆಗೆ ಹೇಳುವ ಬೆಲೆ ಮಾತ್ರ ಬೇಡ, ಮೂಲೆ ಅಂದರೆ ನಿಮ್ಮ ಕಾಂಪೌಂಡೇ ಬೀದಿಯ ಕಸದ ಜಾಗ ಆಗುವ ಸಾಧ್ಯತೆ ಹೆಚ್ಚು. ಬ್ರೋಕರ್ ಭಾನುವಾರ ಮಧ್ಯಾಹ್ನ ತೋರಿಸುತ್ತೇನೆ ಅನ್ನುತ್ತಾರೆ, ಆಗ ರಸ್ತೆ ಖಾಲಿ ಇರುತ್ತದೆ. ನೀವು ವಾರದ ದಿನ ಬೆಳಿಗ್ಗೆ ಎಂಟೂವರೆಗೆ, ಶಾಲೆ ವ್ಯಾನುಗಳ ಹೊತ್ತಿಗೆ ಬನ್ನಿ. ಸಾಧ್ಯವಾದರೆ ಮಳೆ ಬಂದ ಮರುದಿನ.